ಐಸಿಯುವಿನಲ್ಲಿ ಹೊಟ್ಟೆಯ ಹುಣ್ಣು: ಯಾರಿಗೆ ಔಷಧ, ಎಲ್ಲಿಯವರೆಗೆ?

ಎಲ್ಲರಿಗೂ ನಮಸ್ಕಾರ.

ಐಸಿಯುವಿನಲ್ಲಿ ಕೆಲಸ ಮಾಡುವ ನಿಮಗೆ ಇದು ಗೊತ್ತಿರುವ ದೃಶ್ಯವೇ. ರೋಗಿ ಮೂರು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಮೂಗಿನಿಂದ ಹೊಟ್ಟೆಗೆ ಹಾಕಿದ ಟ್ಯೂಬಿಗೆ ಸಿರಿಂಜ್ ಹಾಕಿ ಎಳೆದರೆ ಕಾಫಿ ಪುಡಿ ಕದಡಿದಂಥ ಕಂದು ನೀರು ಬರುತ್ತದೆ. ಬಿಪಿ ಇಳಿದಿದೆ, ಹಿಮೋಗ್ಲೋಬಿನ್ ನಿನ್ನೆಗಿಂತ ಕಡಿಮೆ. ಬಂದದ್ದು ನ್ಯುಮೋನಿಯಾಕ್ಕೆ, ಈಗ ರಕ್ತ ಹೋಗುತ್ತಿರುವುದು ಹೊಟ್ಟೆಯಿಂದ!

ಯಾಕೆ ಹೀಗಾಗುತ್ತದೆ? ದೇಹ, ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದ ಸ್ಥಿತಿಯಾದ ಶಾಕ್‌ಗೆ ಹೋದಾಗ ಮಿದುಳು, ಹೃದಯವನ್ನು ಉಳಿಸಿಕೊಳ್ಳಲು ಹೊಟ್ಟೆ, ಕರುಳಿನ ರಕ್ತ ಕಡಿತ ಮಾಡುತ್ತದೆ. ಜಠರದ ಒಳಗೋಡೆ ತನ್ನನ್ನು ಕಾಯುವ ಲೋಳೆಯನ್ನು ಹೊಸದಾಗಿ ಮಾಡಿಕೊಳ್ಳಬೇಕಾದರೆ ರಕ್ತ ಬೇಕೇ ಬೇಕು. ಅದು ಸಿಗದಿದ್ದರೆ ತನ್ನದೇ ಆಸಿಡ್ ಗೋಡೆಯನ್ನು ಸುಡುತ್ತದೆ. ಒಂದು ದೊಡ್ಡ ಗುಳಿ ಬೀಳುವುದಕ್ಕಿಂತ, ಜಠರದ ಮೇಲ್ಭಾಗದಲ್ಲಿ ತರಚಿದಂಥ ಚಿಕ್ಕ ಚಿಕ್ಕ ಗಾಯಗಳೇ ಜಾಸ್ತಿ. ಸುಟ್ಟಗಾಯದವರಲ್ಲಿ ಸಣ್ಣ ಕರುಳಿನ ಆರಂಭದಲ್ಲಿ ಆಗುವ ಇಂಥದೇ ಹುಣ್ಣನ್ನು ಕರ್ಲಿಂಗ್ ಎಂಬ ಶಸ್ತ್ರಚಿಕಿತ್ಸಕರು 1842ರಲ್ಲೇ ವಿವರಿಸಿದ್ದರು. ಮಿದುಳಿನ ತೊಂದರೆ ಇರುವವರಲ್ಲಿ ಕಾಣುವುದನ್ನು 1932ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸಕ ಕುಶಿಂಗ್ ಬರೆದರು.

ಹಾಗಾದರೆ ಐಸಿಯುವಿಗೆ ಬಂದ ಎಲ್ಲರಿಗೂ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಹಾಕಿಬಿಡೋಣವೇ? ಬೇಡ. 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆನಡಾದ ವೈದ್ಯೆ ಡೆಬೊರಾ ಕುಕ್ ಮತ್ತು ಸಂಗಡಿಗರು ಐಸಿಯುವಿನ 2,252 ರೋಗಿಗಳನ್ನು ಗಮನಿಸಿದರು. ರಕ್ತಸ್ರಾವದ ಅಪಾಯ ಹೆಚ್ಚಿಸುವ ಎರಡು ಸಂಗತಿ ಎದ್ದು ಕಂಡವು: 48 ಗಂಟೆಗಿಂತ ಹೆಚ್ಚು ವೆಂಟಿಲೇಟರ್, ಮತ್ತು ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ. ಇವೆರಡರಲ್ಲಿ ಒಂದಾದರೂ ಇದ್ದವರಲ್ಲಿ ಗಂಭೀರ ರಕ್ತಸ್ರಾವ ಶೇ. 3.7. ಎರಡೂ ಇಲ್ಲದವರಲ್ಲಿ ಶೇ. 0.1. ಅಂದರೆ ಸಾವಿರಕ್ಕೆ ಒಬ್ಬರು. ಆ ಒಬ್ಬರಿಗಾಗಿ ಉಳಿದವರಿಗೆಲ್ಲ ಸುಮ್ನೆ ಔಷಧ ಕೊಡುವುದು ಸರಿಯಲ್ಲ ಅಲ್ವಾ?

ಅಪಾಯ ಇರುವವರಿಗೆ ಮಾತ್ರ ಔಷಧದಿಂದ ನಿಜವಾದ ಲಾಭ ಇದೆ. 2024ರ ರಿವೈಸ್ ಎಂಬ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದ 4,821 ಮಂದಿ ಇದ್ದರು. ಗಂಭೀರ ರಕ್ತಸ್ರಾವ ಆದದ್ದು ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಶೇ. 1, ಪಡೆಯದವರಲ್ಲಿ ಶೇ. 3.5. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಸಿಡ್ ಕಡಿಮೆಯಾದರೆ ನ್ಯುಮೋನಿಯಾ ಹೆಚ್ಚೀತು ಎಂಬ ಭಯವೂ ಅಲ್ಲಿ ನಿಜವಾಗಲಿಲ್ಲ. ಟ್ಯೂಬಿನಲ್ಲಿ ಬೇಗ ಆಹಾರ ಶುರು ಮಾಡುವುದು, ಶಾಕ್ ಸರಿಪಡಿಸುವುದು ಕೂಡ ಹೊಟ್ಟೆಯನ್ನು ಕಾಯುವ ಕೆಲಸವೇ.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಹಂತ. ಔಷಧ ಶುರು ಮಾಡಲು ಎಲ್ಲರಿಗೂ ನೆನಪಿರುತ್ತದೆ, ನಿಲ್ಲಿಸಲು ಯಾರಿಗೂ ಇರುವುದಿಲ್ಲ. ವೆಂಟಿಲೇಟರ್ ತೆಗೆದಾಯಿತು, ರೋಗಿ ಊಟ ಮಾಡುತ್ತಿದ್ದಾರೆ, ವಾರ್ಡಿಗೆ ಹೋದರು. ಚಾರ್ಟಿನಲ್ಲಿ ಮಾತ್ರ 40 ಮಿಲಿಗ್ರಾಂ ಹಾಗೇ ಇದೆ. ಡಿಸ್ಚಾರ್ಜ್ ಚೀಟಿಗೂ ಅದೇ ಇಳಿಯುತ್ತದೆ. ಎಷ್ಟೋ ತಿಂಗಳ ನಂತರವೂ ಅವರು ಅದನ್ನು ನುಂಗುತ್ತಲೇ ಇರುತ್ತಾರೆ, ಯಾಕೆಂದು ಅವರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ತೆಗೆದುಕೊಂಡರೆ ಮೆಗ್ನೀಸಿಯಂ, ಬಿ12 ಕಡಿಮೆಯಾಗುವ ಸಾಧ್ಯತೆ ಇದೆ.

ಅದಕ್ಕೇ ದಿನಾ ರೌಂಡ್ಸ್‌ನಲ್ಲಿ ಒಂದು ಪ್ರಶ್ನೆ ಕೇಳಿ: ಇವರಿಗೆ ಇದು ಇವತ್ತೂ ಬೇಕಾ? ನರ್ಸ್ ಕೇಳಿದರೂ ಸರಿ, ಫಾರ್ಮಸಿಸ್ಟ್ ಕೇಳಿದರೂ ಸರಿ. ಮೊದಲೇ ಅಲ್ಸರ್ ಇದ್ದವರು, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಂಥ ಕೆಲವರಿಗೆ ಮುಂದುವರಿಸಬೇಕಾಗಬಹುದು. ಅವರ ಚೀಟಿಯಲ್ಲಿ ಔಷಧದ ಪಕ್ಕದಲ್ಲೇ ಕಾರಣವನ್ನೂ, ಮತ್ತೆ ಯಾವಾಗ ಪರಿಶೀಲಿಸಬೇಕು ಎಂಬುದನ್ನೂ ಬರೆಯಿರಿ.