ಪೋರ್ಟ್ ಆಫ್ ಸ್ಪೇನ್: ಕಿವಿಗೊಟ್ಟು ತಿರುಗಬೇಕಾದ ಊರು

ಕೇಳುಗರಿಗೆ ನಮಸ್ಕಾರ.

ಕೆರಿಬಿಯನ್ ಕಡೆ ಹೋಗಿಬಂದೆ ಅಂದರೆ ಸಾಕು, ಸಮುದ್ರದಂಡೆ ಹೇಗಿತ್ತು ಅಂತಲೇ ಎಲ್ಲರೂ ಕೇಳುತ್ತಾರೆ. ದಂಡೆಯ ಮಾತು ಬಿಡಿ. ಟ್ರಿನಿಡಾಡ್ ಮತ್ತು ಟೊಬಾಗೊ ದೇಶದ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಕಿವಿಗೊಟ್ಟು ತಿರುಗಬೇಕಾದ ಊರು. ಮೃದಂಗ ನುಡಿಸುವವನಾಗಿ ಈ ಮಾತು ಹೇಳುತ್ತಿದ್ದೇನೆ.

ನೋಡುವುದಕ್ಕೂ ಬೇಕಾದಷ್ಟಿದೆ. ಕ್ವೀನ್ಸ್ ಪಾರ್ಕ್ ಸವಾನಾ ಅಂತ ಸುಮಾರು 260 ಎಕರೆಯ ಬಯಲು. ಅದರ ಪಶ್ಚಿಮದಂಚಿಗೆ ನೂರು ವರ್ಷ ದಾಟಿದ ಏಳು ಭವ್ಯ ಕಟ್ಟಡಗಳು ಸಾಲಾಗಿ ನಿಂತಿವೆ. ಗಡಿಯಾರದ ಗೋಪುರವಿರುವುದು ಕ್ವೀನ್ಸ್ ರಾಯಲ್ ಕಾಲೇಜು, ಲೇಖಕ ವಿ.ಎಸ್. ನೈಪಾಲ್ ಓದಿದ್ದು ಅಲ್ಲೇ. ಫೋಟೋ ತೆಗೆದುಕೊಳ್ಳಿ, ಆಮೇಲೆ ಫೋನು ಜೇಬಿಗೆ ಹಾಕಿ ಕಿವಿ ತೆರೆಯಿರಿ.

ಸ್ಟೀಲ್‌ಪ್ಯಾನ್ ಅನ್ನುವ ಲೋಹದ ವಾದ್ಯ ಹುಟ್ಟಿದ್ದು ಈ ಊರಿನ ಬಡ ಕೇರಿಗಳಲ್ಲಿ. 1880ರ ದಶಕದಲ್ಲಿ ಬ್ರಿಟಿಷರು ಬೀದಿಯಲ್ಲಿ ಚರ್ಮವಾದ್ಯ ಬಾರಿಸಬಾರದು ಎಂದರು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಕಸದ ಡಬ್ಬ, ಕೊನೆಗೆ ಎಣ್ಣೆಯ ಪೀಪಾಯಿ. 1992ರಲ್ಲಿ ಅದೇ ಪೀಪಾಯಿ ದೇಶದ ರಾಷ್ಟ್ರೀಯ ವಾದ್ಯವಾಯಿತು!

ತಂಡಗಳು ಅಭ್ಯಾಸ ಮಾಡುವ ಅಂಗಳಕ್ಕೆ ಅಲ್ಲಿ ಪ್ಯಾನ್‌ಯಾರ್ಡ್ ಅನ್ನುತ್ತಾರೆ. ಅಂಥ ಒಂದು ಅಂಗಳದ ಮೂಲೆಯಲ್ಲಿ ಒಬ್ಬ ಹಿರಿಯರು ಪ್ಯಾನ್ ಶ್ರುತಿ ಮಾಡುತ್ತಿದ್ದರು. ಪೀಪಾಯಿಯ ತಳವನ್ನು ಬಾಣಲೆಯ ಹಾಗೆ ಒಳಕ್ಕೆ ತಗ್ಗಿಸಿದ್ದಾರೆ. ಅದರೊಳಗೆ ಉಬ್ಬುಬ್ಬಾದ ಮಚ್ಚೆಗಳು, ಒಂದೊಂದಕ್ಕೂ ಒಂದೊಂದು ಸ್ವರ. ರಬ್ಬರ್ ಸುತ್ತಿದ ಕಡ್ಡಿಯಿಂದ ಒಮ್ಮೆ ಮುಟ್ಟುವುದು, ಕೇಳುವುದು. ಸುತ್ತಿಗೆಯಿಂದ ಒಂದು ಸಣ್ಣ ಪೆಟ್ಟು, ಮತ್ತೆ ಕೇಳುವುದು. ನಾವು ಮೃದಂಗದ ಮುಚ್ಚಿಗೆಯ ಅಂಚಿಗೆ ಕಲ್ಲು ತಟ್ಟಿ ಶ್ರುತಿ ಕೂಡಿಸುತ್ತೇವಲ್ಲ, ಥೇಟ್ ಅದೇ ತಾಳ್ಮೆ. ಆದರೆ ಅವರ ಕೆಲಸ ಇನ್ನೂ ಕಷ್ಟ. ಒಂದೇ ಮಚ್ಚೆಯಲ್ಲಿ ಸ್ವರವೂ ಅದರ ಮೇಲಿನ ಸ್ಥಾಯಿಯೂ ಕೂಡಿ ಬರಬೇಕು. ಒಂದನ್ನು ಸರಿಮಾಡಿದರೆ ಪಕ್ಕದ್ದು ಜಾರುತ್ತದೆ. ಎದ್ದುಹೋಗಲು ಮನಸ್ಸೇ ಬರಲಿಲ್ಲ. ನನ್ನನ್ನು ನೋಡಿ ಅವರು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ‘ಮೆಲ್ಲಗೆ’ ಅಂದರು. ಮುಟ್ಟಿದೆ. ಅಷ್ಟು ದಪ್ಪ ಕಬ್ಬಿಣದಿಂದ ಅಷ್ಟು ಮೃದುವಾದ ನಾದ! ಹೊತ್ತು ಮುಳುಗಿದ ಮೇಲೆ ಕೆಲಸ ಮುಗಿಸಿ ಬಂದವರು, ಶಾಲೆಯ ಮಕ್ಕಳು, ಅಜ್ಜಿಯರು ಎಲ್ಲರೂ ಸೇರಿದರು. ಎದುರಿಗೆ ಸ್ವರಲಿಪಿಯ ಹಾಳೆ ಇಲ್ಲ. ಪಾಠವೆಲ್ಲ ಕೇಳಿಯೇ ಕಲಿತದ್ದು. ಇಡೀ ತಂಡ ಒಟ್ಟಿಗೆ ಎತ್ತಿಕೊಂಡಾಗ ಎದೆಯೊಳಗೇ ನಡುಕ ಹುಟ್ಟಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನಕ್ಕೆ ಕನ್ನಡಿಗರು ಹೋಗಲೇಬೇಕು. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದದ್ದು ಅಲ್ಲೇ, ನಮ್ಮ ವಿಶ್ವನಾಥ್ 112 ಹೊಡೆದರು. ಬೀದಿಬದಿಯಲ್ಲಿ ಡಬಲ್ಸ್ ತಿನ್ನಿ: ಅರಿಶಿನ ಹಾಕಿದ ಎರಡು ಮೆತ್ತನೆಯ ಬರಾ, ಅಂದರೆ ಕರಿದ ರೊಟ್ಟಿ, ನಡುವೆ ಕಡಲೆಯ ಪಲ್ಯ. ಖಾರ ಎಷ್ಟು ಅಂತ ಕೇಳಿದರೆ ಸ್ವಲ್ಪ ಅನ್ನಿ, ಅವರ ಮೆಣಸಿನಕಾಯಿ ಬಲು ಜೋರು. ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಕಲ್ಕತ್ತಾ ಬೀದಿ, ಮದ್ರಾಸ್ ಬೀದಿ ಇವೆ. 1845ರಿಂದ ಕೂಲಿಗೆಂದು ಹಡಗಿನಲ್ಲಿ ಬಂದ ನಮ್ಮ ಜನರ ನೆನಪು ಅದು. ಮೊಹರಂ ಹೊತ್ತಿಗೆ ಅಲ್ಲಿ ತಾಷಾ ಎಂಬ ಚರ್ಮವಾದ್ಯ ಬಾರಿಸುತ್ತಾರೆ, ಬೆಂಕಿಗೆ ಚರ್ಮ ಕಾಯಿಸಿಕೊಂಡು.

ಹೋಗುವವರು ಅಲ್ಲಿನ ಕಾರ್ನಿವಲ್ ಹಬ್ಬಕ್ಕೆ ಕೆಲವು ವಾರ ಮೊದಲೇ ಹೋಗಿ. ಹೋಟೆಲಿನಲ್ಲಿ ಸಮುದ್ರ ಯಾವ ಕಡೆ ಅಂತ ವಿಚಾರಿಸಬೇಡಿ. ಈ ರಾತ್ರಿ ಯಾವ ಅಂಗಳದಲ್ಲಿ ಅಭ್ಯಾಸ ಅಂತ ಕೇಳಿ. ನಮಸ್ಕಾರ.