ಕೇಟ್ ಎಡ್ಡೋಸ್ ಕೊನೆಯ ದಿನ: 4 ಪೆನ್ನಿಯ ಹಾಸಿಗೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು 1888ರ ಸೆಪ್ಟೆಂಬರ್ 29, ಶನಿವಾರದ ಕಥೆ. ಊರು ಲಂಡನ್, ಅದರಲ್ಲೂ ಪೂರ್ವ ಭಾಗದ ಬಡವರ ಕೇರಿಗಳು. ಆ ರಾತ್ರಿ ಬೆಳಗಾಗುವುದರೊಳಗೆ ಕ್ಯಾಥರೀನ್ ಎಡ್ಡೋಸ್ ಎಂಬ 46 ವರ್ಷದ ಹೆಂಗಸಿನ ಕೊಲೆ ಆಯಿತು. ಕೊಂದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಅವನನ್ನು ಎಲ್ಲರೂ ಜ್ಯಾಕ್ ದಿ ರಿಪ್ಪರ್ ಅಂತ ಕರೆಯುತ್ತಾರೆ. ಒಂದು ವಿಷಯ ಗಮನಿಸಿ. ಆ ಹೆಸರು ಪತ್ರಿಕೆಯಲ್ಲಿ ಅಚ್ಚಾಗಿದ್ದು ಅಕ್ಟೋಬರ್ 1ರಂದು. ಅಷ್ಟರಲ್ಲಿ ಕೇಟ್ ಸತ್ತುಹೋಗಿದ್ದಳು. ಆಕೆ ಆ ಹೆಸರನ್ನು ಕೇಳಿದವಳೇ ಅಲ್ಲ. ಹಾಗಾಗಿ ಅವನ ಸುದ್ದಿ ಆಮೇಲಿರಲಿ. ಕೇಟ್ ಆ ದಿನ ಎಲ್ಲೆಲ್ಲಿ ಹೋದಳು, ಯಾಕೆ ಹೋದಳು, ಅದನ್ನು ನೋಡೋಣ.

ನನ್ನ ಪ್ರಕಾರ ಆ ದಿನವನ್ನು ನಡೆಸಿದ್ದು ಪೆನ್ನಿಗಳು. ಕೇಟ್ ಮತ್ತು ಆಕೆಯ ಸಂಗಾತಿ ಜಾನ್ ಕೆಲ್ಲಿ ಸುಮಾರು ಏಳು ವರ್ಷದಿಂದ ಜೊತೆಗಿದ್ದರು. ಅವನು ಮಾರ್ಕೆಟ್ಟಿನಲ್ಲಿ ಕೂಲಿ ಮಾಡುತ್ತಿದ್ದ, ಆಕೆ ಯಹೂದಿ ಮನೆಗಳಲ್ಲಿ ಕಸಮುಸುರೆ, ಹೊಲಿಗೆ ಅಂತ ಸಿಕ್ಕಿದ್ದು ಮಾಡುತ್ತಿದ್ದಳು. ಇದ್ದದ್ದು ಫ್ಲವರ್ ಆ್ಯಂಡ್ ಡೀನ್ ಬೀದಿಯ 55ನೇ ನಂಬರಿನಲ್ಲಿ, ಕೂನಿಯ ತಂಗುಮನೆ. ಒಬ್ಬರ ಹಾಸಿಗೆಗೆ ರಾತ್ರಿಗೆ 4 ಪೆನ್ನಿ, ಇಬ್ಬರದ್ದಕ್ಕೆ 8. ಅಂದಂದಿನ ದುಡ್ಡು ಅಂದೇ ಕೊಡಬೇಕು. ಇಲ್ಲದಿದ್ದರೆ ಬೀದಿ.

ಆ ತಿಂಗಳು ಇಬ್ಬರೂ ಕೆಂಟ್ ಕಡೆ ಹಂಟನ್ ಎಂಬ ಹಳ್ಳಿಗೆ ಹಾಪ್ಸ್ ಕೀಳಲು ಹೋಗಿದ್ದರು. ಹಾಪ್ಸ್ ಅಂದರೆ ಬಿಯರ್‌ಗೆ ಹಾಕುವ ಹೂವು. ಆ ಸಲ ಕೈಗೇನೂ ಹತ್ತಲಿಲ್ಲ. ನಡೆದುಕೊಂಡೇ ಲಂಡನ್ನಿಗೆ ವಾಪಸ್ ಬಂದರು. ದಾರಿಯಲ್ಲಿ ಜೊತೆಯಾದ ಎಮಿಲಿ ಬಿರೆಲ್ ಎಂಬ ಹೆಂಗಸು ಒಂದು ಗಿರವಿ ಚೀಟಿ ಕೊಟ್ಟಳು. ಗಿರವಿ ಇಟ್ಟಿದ್ದು ಒಂದು ಗಂಡಸರ ಅಂಗಿ. ಬಿಡಿಸಿಕೊಂಡರೆ ಕೆಲ್ಲಿಗೆ ಆದೀತು ಅಂತ.

ಗುರುವಾರ ರಾತ್ರಿ ಲಂಡನ್ ಸೇರಿದಾಗ ಕೈಯಲ್ಲಿ ಕಾಸಿರಲಿಲ್ಲ. ಶೂ ಲೇನಿನ ಕ್ಯಾಶುಯಲ್ ವಾರ್ಡಿನಲ್ಲಿ ಮಲಗಿದರು. ಗತಿಯಿಲ್ಲದವರಿಗೆ ರಾತ್ರಿ ಜಾಗ ಕೊಟ್ಟು, ಬದಲಿಗೆ ಮೈಮುರಿಯುವ ಕೆಲಸ ಮಾಡಿಸಿಕೊಳ್ಳುವ ಜಾಗ ಅದು. ಶುಕ್ರವಾರ ಕೆಲ್ಲಿ 6 ಪೆನ್ನಿ ದುಡಿದ. ಇಬ್ಬರ ಹಾಸಿಗೆಗೆ 2 ಪೆನ್ನಿ ಕಡಿಮೆ. ನೀನು 4 ಪೆನ್ನಿ ಇಟ್ಟುಕೊಂಡು ತಂಗುಮನೆಗೆ ಹೋಗು, ನಾನು ಮೈಲ್ ಎಂಡ್ ವಾರ್ಡಿಗೆ ಹೋಗುತ್ತೇನೆ ಅಂದಳು ಕೇಟ್. ಹಾಗೇ ಹೋದಳು.

ಶನಿವಾರ ಬೆಳಿಗ್ಗೆ 8ಕ್ಕೆ ಮತ್ತೆ ಸೇರಿದರು. ತಿನ್ನಲು ಏನೂ ಇಲ್ಲ. ಕೆಲ್ಲಿಯ ಬೂಟು ಗಿರವಿ ಇಡುವುದು ಅಂತಾಯಿತು. ಜೇನ್ ಕೆಲ್ಲಿ ಅಂತ ಹೆಸರು ಹೇಳಿ ಅಂಗಡಿಯೊಳಗೆ ಕೇಟ್ ಹೋದಳು, ಅವನು ಹೊರಗೆ ಬರಿಗಾಲಲ್ಲಿ ನಿಂತಿದ್ದ. ಎರಡೂವರೆ ಶಿಲ್ಲಿಂಗ್ ಸಿಕ್ಕಿತು, ಅಂದರೆ 30 ಪೆನ್ನಿ. (ಚೀಟಿಯ ಮೇಲೆ ಶುಕ್ರವಾರದ ತಾರೀಖಿದೆ. ಇದನ್ನು ಕೇಳಿದಾಗ, ಕೇಟ್ ಸಾವಿನ ವಿಚಾರಣೆಯಲ್ಲಿ ಕೆಲ್ಲಿ ತಡವರಿಸಿದ. ಹಸಿದ ಮನುಷ್ಯನಿಗೆ ವಾರದ ನೆನಪು ಏರುಪೇರಾದರೆ ನನಗೇನೂ ಆಶ್ಚರ್ಯವಿಲ್ಲ.) ಚಹಾಪುಡಿ, ಸಕ್ಕರೆ, ತಿನ್ನಲು ಒಂದಿಷ್ಟು ಕೊಂಡರು. ಕೂನಿಯ ಅಡುಗೆಮನೆಯಲ್ಲಿ ಇಬ್ಬರೂ ಕೂತು ತಿಂದರು.

ಮಧ್ಯಾಹ್ನ 2ರ ಹೊತ್ತಿಗೆ ದುಡ್ಡು ಮುಗಿದಿತ್ತು. ಬರ್ಮಂಡ್ಸಿಯಲ್ಲಿ ಮಗಳು ಆ್ಯನಿ ಇದ್ದಾಳೆ, ಏನಾದರೂ ಕೇಳಿ ನೋಡುತ್ತೇನೆ, 4 ಗಂಟೆಗೆ ಬಂದುಬಿಡುತ್ತೇನೆ ಅಂದಳು. ಆಗಲೇ ಆ ಕೇರಿಗಳಲ್ಲಿ ಕೊಲೆಗಳ ಭಯ ಹಬ್ಬಿತ್ತು. ಹುಷಾರು ಅಂದ ಕೆಲ್ಲಿ. ನನ್ನ ಬಗ್ಗೆ ಹೆದರಬೇಡ, ನಾನು ಅವನ ಕೈಗೆ ಸಿಗೋದಿಲ್ಲ ಅಂದಳಂತೆ. ಹೌಂಡ್ಸ್‌ಡಿಚ್ ರಸ್ತೆಯಲ್ಲಿ ಇಬ್ಬರೂ ಬೇರೆಯಾದರು.

ಆ್ಯನಿ ಆ ಮನೆ ಬಿಟ್ಟು ಎಷ್ಟೋ ಕಾಲವಾಗಿತ್ತು. ದುಡ್ಡು ಕೇಳಿಕೊಂಡು ಬರುತ್ತಾಳೆ ಅಂತಲೇ ಅಮ್ಮನಿಗೆ ಹೊಸ ವಿಳಾಸ ಕೊಟ್ಟಿರಲಿಲ್ಲ. ವಿಚಾರಣೆಯಲ್ಲಿ ಆಕೆಯೇ ಇದನ್ನು ಒಪ್ಪಿಕೊಂಡಳು. ಆ ಮಗಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವಳದ್ದೂ ಪೆನ್ನಿಗಳನ್ನು ಎಣಿಸುವ ಸಂಸಾರವೇ ಅಲ್ವಾ?

ಇಲ್ಲಿಂದ ಆರೂವರೆ ಗಂಟೆ ಕೇಟ್ ಎಲ್ಲಿದ್ದಳು ಎಂಬುದಕ್ಕೆ ಒಬ್ಬ ಸಾಕ್ಷಿಯೂ ಇಲ್ಲ. ಹೋದಾಗ ಕೈಯಲ್ಲಿ ಕಾಸಿರಲಿಲ್ಲ ಅಂತ ಕೆಲ್ಲಿಯ ಹೇಳಿಕೆ. ರಾತ್ರಿ 8:30ಕ್ಕೆ ಆಲ್ಡ್‌ಗೇಟ್ ಹೈ ಸ್ಟ್ರೀಟಿನಲ್ಲಿ ಚೆನ್ನಾಗಿ ಕುಡಿದು ಬಿದ್ದಿದ್ದಳು, ಸುತ್ತ ಜನ. ಕುಡಿಸಿದವರು ಯಾರೋ. ಕಾನ್‌ಸ್ಟೇಬಲ್ ಲೂಯಿಸ್ ರಾಬಿನ್ಸನ್ ಎತ್ತಿ ಅಂಗಡಿಯ ಶಟರಿಗೆ ಒರಗಿಸಿದ. ಆಕೆ ಪಕ್ಕಕ್ಕೆ ಜಾರಿಬಿಟ್ಟಳು. ಇನ್ನೊಬ್ಬ ಪೊಲೀಸನ ಜೊತೆ ಸೇರಿ ಬಿಷಪ್ಸ್‌ಗೇಟ್ ಠಾಣೆಗೆ ಕರೆದೊಯ್ದ. ಹೆಸರು ಕೇಳಿದರೆ 'ಏನೂ ಇಲ್ಲ' ಅಂದಳು. ಲಾಕಪ್ಪಿಗೆ ಹಾಕಿದರು, ನಿದ್ದೆ ಹೋದಳು.

ಹನ್ನೆರಡೂಕಾಲಿಗೆ ಎದ್ದು ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದಳು. ಕೂನಿಯ ತಂಗುಮನೆಯ ಉಸ್ತುವಾರಿ ಕೂಡ ಮುಂದೆ ಇದನ್ನೇ ಹೇಳಿದ: ಖುಷಿ ಸ್ವಭಾವದ ಹೆಂಗಸು, ಯಾವಾಗಲೂ ಹಾಡುತ್ತಿದ್ದಳು. ಯಾವಾಗ ಬಿಡುತ್ತೀರಿ ಅಂತ ಪಹರೆಯ ಜಾರ್ಜ್ ಹಟ್‌ನನ್ನು ಕೇಳಿದಳು. ನಿನ್ನನ್ನು ನೀನು ನೋಡಿಕೊಳ್ಳುವಷ್ಟಾದಾಗ ಅಂದ. ಈಗಲೇ ಆಗುತ್ತೆ ಅಂದಳು. ಅಮಲು ಇಳಿದ ಮೇಲೆ ಬಿಟ್ಟುಕಳಿಸುವುದು ಸಿಟಿ ಪೊಲೀಸರ ರೂಢಿ. ಒಂದಕ್ಕೆ 5 ನಿಮಿಷ ಇರುವಾಗ ಹೊರಗೆ ತಂದರು. ಮೇರಿ ಆ್ಯನ್ ಕೆಲ್ಲಿ, 6 ಫ್ಯಾಷನ್ ಸ್ಟ್ರೀಟ್ ಅಂತ ಬರೆಸಿದಳು. ಎರಡೂ ಸುಳ್ಳು. ಗಂಟೆ ಎಷ್ಟು ಅಂದಳು. ಇನ್ನು ಕುಡಿಯಲು ಸಿಗದಷ್ಟು ಹೊತ್ತಾಗಿದೆ ಅಂದ ಹಟ್. ಮನೆಗೆ ಹೋದರೆ ಸರಿಯಾಗಿ ಬೀಳುತ್ತೆ ನನಗೆ ಅಂದಳು. 'ಈ ಕಡೆ ಬನ್ನಿ ಅಮ್ಮಾ' ಅಂತ ದಾರಿ ತೋರಿಸಿ, ಹೊರಗಿನ ಬಾಗಿಲು ಎಳೆದುಕೊಂಡು ಹೋಗಿ ಅಂದ. 'ಆಯ್ತು, ಗುಡ್‌ನೈಟ್ ಕಣಪ್ಪಾ' ಅಂತ ಹೇಳಿ ಹೊರಟಳು.

ತಂಗುಮನೆಗೆ ಹೋಗುವ ದಾರಿ ಬಲಕ್ಕೆ. ಆಕೆ ಎಡಕ್ಕೆ ತಿರುಗಿದಳು, ಹೌಂಡ್ಸ್‌ಡಿಚ್ ಕಡೆಗೆ. ಇದರ ಮೇಲೆ ಜನ ಪುಟಗಟ್ಟಲೆ ಬರೆದಿದ್ದಾರೆ, ಯಾರನ್ನೋ ಭೇಟಿಯಾಗಲು ಹೋದಳು ಅಂತೆಲ್ಲ. ನನಗೆ ಕಾಣುವುದು ಸರಳ. ಹಾಸಿಗೆಗೆ ದುಡ್ಡಿಲ್ಲದವಳು ರಾತ್ರಿ ಒಂದಕ್ಕೆ ತಂಗುಮನೆಗೆ ಹೋಗಿ ಏನು ಮಾಡಬೇಕು? ಅತ್ತ ಕೆಲ್ಲಿಗೆ, ಕೇಟ್ ಕುಡಿದು ಲಾಕಪ್ಪಿನಲ್ಲಿದ್ದಾಳೆ ಅಂತ ಸುದ್ದಿ ಮುಟ್ಟಿತ್ತು. ಭಾನುವಾರ ಬೆಳಿಗ್ಗೆ ಬಿಡುತ್ತಾರೆ ಅಂದುಕೊಂಡು ಒಬ್ಬರ ಹಾಸಿಗೆಗೆ 4 ಪೆನ್ನಿ ಕೊಟ್ಟು ಮಲಗಿದ್ದ.

ಒಂದು ಮೂವತ್ತೈದಕ್ಕೆ ಡ್ಯೂಕ್ ಸ್ಟ್ರೀಟಿನ ಇಂಪೀರಿಯಲ್ ಕ್ಲಬ್ಬಿನಿಂದ ಮೂವರು ಹೊರಬಿದ್ದರು. ಅವರಲ್ಲಿ ಜೋಸೆಫ್ ಲವೆಂಡ್ ಎಂಬಾತ ಚರ್ಚ್ ಪ್ಯಾಸೇಜಿನ ಬಾಯಲ್ಲಿ ಒಂದು ಗಂಡು ಹೆಣ್ಣು ನಿಂತಿರುವುದನ್ನು ನೋಡಿದ. ಹೆಂಗಸಿನ ಕೈ ಗಂಡಸಿನ ಎದೆಯ ಮೇಲಿತ್ತು. ಮುಖ ಕಾಣಲಿಲ್ಲ, ಬಟ್ಟೆ ಕೇಟ್‌ದೇ ಅಂತ ಆಮೇಲೆ ಗುರುತಿಸಿದ. ಒಂದು ನಲವತ್ತನಾಲ್ಕಕ್ಕೆ, ಬೀಟ್ ಮೇಲಿದ್ದ ಎಡ್ವರ್ಡ್ ವಾಟ್ಕಿನ್ಸ್ ಅಲ್ಲೇ ಮೈಟರ್ ಸ್ಕ್ವೇರಿನ ಮೂಲೆಯಲ್ಲಿ ಹೆಣ ನೋಡಿದ. ಒಂದೂವರೆಗೆ ಅದೇ ಜಾಗ ದಾಟಿ ಹೋಗಿದ್ದವನು ಅವನು. ನಡುವೆ 14 ನಿಮಿಷ. ಗಾಯಗಳ ವಿವರ ನಾನು ಹೇಳುವುದಿಲ್ಲ. ಬೇಕಾದವರಿಗೆ ಅದು ಎಲ್ಲೆಲ್ಲೂ ಸಿಗುತ್ತದೆ.

ನಾನು ತೋರಿಸಬೇಕು ಅಂದುಕೊಂಡಿದ್ದು ಇನ್ನೊಂದು ಪಟ್ಟಿ. ಶವಾಗಾರದಲ್ಲಿ ಆಕೆಯ ಮೈಮೇಲಿದ್ದದ್ದನ್ನೆಲ್ಲ ಪೊಲೀಸರು ಒಂದೊಂದಾಗಿ ಬರೆದುಕೊಂಡರು. ಒಂದರ ಮೇಲೊಂದು ಲಂಗ. ಗಂಡಸರ ಬೂಟು, ಬಲಗಾಲಿನದ್ದಕ್ಕೆ ಕೆಂಪು ದಾರದ ಹೊಲಿಗೆ. ಚಹಾಪುಡಿಯ ಒಂದು ಡಬ್ಬಿ, ಸಕ್ಕರೆಯ ಒಂದು ಡಬ್ಬಿ. ಬಹುಶಃ ಬೆಳಿಗ್ಗೆ ಬೂಟಿನ ದುಡ್ಡಲ್ಲಿ ಕೊಂಡದ್ದು. ಬಿಳಿ ಬಟ್ಟೆಯ 12 ತುಂಡು, ಸೋಪಿನ 6 ಚೂರು, ಬಾಚಣಿಗೆ, ಒಂದು ಕೆಂಪು ಕೈಗವಸು, ಮುರಿದ ಕನ್ನಡಕ. ದುಡ್ಡು ಒಂದು ಪೆನ್ನಿಯೂ ಇಲ್ಲ. ಮನೆ ಇಲ್ಲದವರ ಮನೆ ಇದು, ಪೂರ್ತಿ ಮೈಮೇಲೆ. ಹತ್ತಿರದಲ್ಲೇ ಸಿಕ್ಕ ಸಾಸಿವೆ ಡಬ್ಬಿಯಲ್ಲಿ ಎರಡು ಗಿರವಿ ಚೀಟಿ: ಒಂದು ಎಮಿಲಿಯ ಅಂಗಿಯದ್ದು, ಇನ್ನೊಂದು ಕೆಲ್ಲಿಯ ಬೂಟಿನದ್ದು. ಆ ಚೀಟಿಗಳ ಸುದ್ದಿ ಪತ್ರಿಕೆಯಲ್ಲಿ ಓದಿಯೇ ಕೆಲ್ಲಿ ಅಕ್ಟೋಬರ್ 2ರಂದು ಠಾಣೆಗೆ ಬಂದ. ಕೇಟ್‌ಗೆ ಹೆಸರು ವಾಪಸ್ ಸಿಕ್ಕಿದ್ದು ಹಾಗೆ. ಅಕ್ಟೋಬರ್ 8ರಂದು ಮಣ್ಣು ಮಾಡಿದರು. ಅಂತ್ಯಕ್ರಿಯೆಯ ಖರ್ಚನ್ನು, ಅದನ್ನು ನಡೆಸಿಕೊಡುವ ಕಸುಬಿನವರೇ ಸ್ವತಃ ಹೊತ್ತರು. ಸಾವಿರಾರು ಜನ ಸೇರಿದ್ದರು.

2014ರಲ್ಲಿ ಒಂದು ರೇಷ್ಮೆ ಶಾಲಿನ ಡಿಎನ್‌ಎಯಿಂದ ಕೊಲೆಗಾರ ಸಿಕ್ಕಿಬಿಟ್ಟ ಅಂತ ಜಗತ್ತೆಲ್ಲ ಸುದ್ದಿಯಾಯಿತು. ನೀವೂ ಓದಿರಬಹುದು. ಶಾಲು ಕೇಟ್‌ದು ಅಂತ ಹಾಗೆ ಹೇಳಿದವರ ವಾದ. ನಾನು ಮತ್ತೆ ಮತ್ತೆ ಹೋಗುವುದು ಆ ಪಟ್ಟಿಗೇ. ಸೋಪಿನ ಚೂರನ್ನೂ ಎಣಿಸಿ ಬರೆದ ಪೊಲೀಸರು ಅಷ್ಟುದ್ದದ ರೇಷ್ಮೆ ಶಾಲನ್ನು ಬಿಟ್ಟುಬಿಟ್ಟರೇ? ಪಟ್ಟಿಯಲ್ಲಿ ಅಂಥ ಶಾಲು ಇಲ್ಲ. ಅದು ಕೈಯಲ್ಲಿದ್ದಿದ್ದರೆ ಆ ಶನಿವಾರ ಮೊದಲು ಗಿರವಿ ಅಂಗಡಿ ಸೇರುತ್ತಿದ್ದದ್ದು ಅದು, ಕೆಲ್ಲಿಯ ಬೂಟಲ್ಲ.