ಗಬ್ಬದ ಕುದುರೆಗೆ ನೊರಜಿನ ತುರಿಕೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಟಾಂಗಾ ಓಡಿಸುವ ಹಿರಿಯರೊಬ್ಬರು ಒಂದು ಅಕ್ಟೋಬರಿನಲ್ಲಿ, ದಸರೆಯ ಗದ್ದಲ ಮುಗಿದ ಮೇಲೆ, ನನ್ನನ್ನು ಮನೆಗೆ ಕರೆದರು. ಅವರ ಹೆಣ್ಣು ಕುದುರೆಯ ಹೆಸರು ರಾಣಿ. ಎಂಟು ತಿಂಗಳ ಗಬ್ಬ. ನಾನು ಹೋದಾಗ ರಾಣಿ ಲಾಯದ ಬಾಗಿಲ ಕಂಬಕ್ಕೆ ಹಿಂಭಾಗ ಒತ್ತಿಕೊಂಡು ಬಾಲದ ಬುಡ ಉಜ್ಜುತ್ತಾ ನಿಂತಿದ್ದಳು. ಕಂಬದ ಸಿಬಿರುಗಳಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಅವಳ ಬಾಲದ ಎತ್ತರಕ್ಕೆ ಸರಿಯಾಗಿ ಮರ ಎಣ್ಣೆ ಸವರಿದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಎಷ್ಟು ದಿನದಿಂದ ಉಜ್ಜುತ್ತಿದ್ದಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಜೂಲು ಅರ್ಧ ಉದುರಿ, ಉಳಿದದ್ದು ಸವೆದ ಪೊರಕೆಯ ಹಾಗೆ ನೆಟ್ಟಗೆ ನಿಂತಿತ್ತು. ಬಗ್ಗಿ ಹೊಟ್ಟೆಯ ಕೆಳಗೆ ಕೈಯಾಡಿಸಿದೆ. ನಡುವಿನ ಗೆರೆಯುದ್ದಕ್ಕೂ ಹಕ್ಕಳೆ, ಹಕ್ಕಳೆಯ ನಡುವೆ ಹಸಿ ಗಾಯ.

"ಡಾಕ್ಟ್ರೇ, ಹೋದ ವರ್ಷಾನೂ ಹಿಂಗೇ ಆಗಿತ್ತು. ಒಂದು ಇಂಜೆಕ್ಷನ್ ಹಾಕಿದ್ರು, ಎರಡೇ ದಿನಕ್ಕೆ ತಣ್ಣಗಾದ್ಳು. ಅದನ್ನೇ ಹಾಕ್ಬಿಡಿ" ಅಂದರು ಯಜಮಾನರು.

ಹಳೇ ಚೀಟಿ ತೆಗೆಸಿ ನೋಡಿದೆ. ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. "ಹೋದ ವರ್ಷ ಇವಳು ಒಬ್ಬಳೇ ಇದ್ದಳು ಯಜಮಾನ್ರೇ. ಈಗ ಇಬ್ಬರಿದ್ದಾರೆ. ಈ ಸಲ ಅದು ಬೇಡ" ಅಂದೆ. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಅನ್ನುವುದೇ ನನ್ನ ಇವತ್ತಿನ ಮಾತು.

ಇದನ್ನು ಕಜ್ಜಿ ಅಂದುಕೊಳ್ಳುವವರು ಬಹಳ. ಇದು ಅಂಟುವ ರೋಗವಲ್ಲ, ಅಲರ್ಜಿ. ಸಂಜೆ ಹೊತ್ತು ದನದ ಕೊಟ್ಟಿಗೆಯ ಹತ್ತಿರ ನಿಂತರೆ ಕಣ್ಣು, ಕಿವಿಗೆ ಮುತ್ತುವ ಸಣ್ಣ ಹುಳ ನಿಮಗೆ ಗೊತ್ತು. ನೊರಜು ಅನ್ನುತ್ತೇವೆ, ಕೆಲವರು ನುಸಿ ಅನ್ನುತ್ತಾರೆ. ಅದರಲ್ಲಿ ಕ್ಯುಲಿಕಾಯ್ಡಿಸ್ ಅನ್ನುವ ಒಂದು ಜಾತಿ ಇದೆ. ಒಂದರಿಂದ ಮೂರು ಮಿಲಿಮೀಟರು, ಹೆಚ್ಚುಕಡಿಮೆ ರಾಗಿಕಾಳಿನಷ್ಟು. ರಕ್ತ ಕುಡಿಯುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲಿಕ್ಕೆ. ಸೊಳ್ಳೆಯ ಹಾಗೆ ಸೂಜಿ ಚುಚ್ಚಿ ಹೀರುವುದಿಲ್ಲ, ಚರ್ಮವನ್ನು ಕೊಯ್ದು, ಒಸರಿದ ರಕ್ತವನ್ನು ಕುಡಿಯುತ್ತದೆ. ಆಗ ಅದರ ಜೊಲ್ಲು ಗಾಯಕ್ಕೆ ಸೇರುತ್ತದೆ. ಬಹಳಷ್ಟು ಕುದುರೆಗಳಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವಕ್ಕೆ ಮಾತ್ರ ಮೈ ಆ ಜೊಲ್ಲನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಹತ್ತು ಹುಳ ಕಚ್ಚಿದರೂ ಸಾಕು, ಮೈಯೆಲ್ಲ ಉರಿ.

ಈ ಗುರುತಿಟ್ಟುಕೊಳ್ಳುವುದು ಅಂದೆನಲ್ಲ, ಅದಕ್ಕೆ ದೂರದ ಐಸ್‌ಲ್ಯಾಂಡಿನ ಕುದುರೆಗಳ ಕತೆ ಹೇಳಬೇಕು. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದ ಜನ ತಂದ ಕುದುರೆಗಳ ಸಂತತಿ ಅವು. ತಲೆಮಾರುಗಟ್ಟಲೆ ಈ ನೊರಜನ್ನೇ ಕಾಣದೆ ಬೆಳೆದ ತಳಿ. ಅಲ್ಲಿ ಹುಟ್ಟಿ ಬೆಳೆದ ಕುದುರೆಯನ್ನು ಜರ್ಮನಿಗೋ ಸ್ವೀಡನ್ನಿಗೋ ಮಾರಿದರೆ ಮೊದಲ ಬೇಸಿಗೆ ಸುಖವಾಗಿ ಕಳೆಯುತ್ತದೆ. ಎರಡನೆಯದೋ ಮೂರನೆಯದೋ ಬೇಸಿಗೆಗೆ ಎಷ್ಟೋ ಕುದುರೆಗಳಿಗೆ ತುರಿಕೆ ಹತ್ತುತ್ತದೆ. ಅದೇ ತಳಿಯ ಮರಿ ಜರ್ಮನಿಯಲ್ಲೇ ಹುಟ್ಟಿ, ಎಳವೆಯಿಂದಲೇ ಹುಳ ಕಚ್ಚಿಸಿಕೊಂಡು ಬೆಳೆದರೆ ಈ ಕಾಟ ಎಷ್ಟೋ ಕಡಿಮೆ. ಐಸ್‌ಲ್ಯಾಂಡಿನ ಕಾನೂನಿನಂತೆ ದೇಶ ಬಿಟ್ಟು ಹೋದ ಕುದುರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಹಾಗಾಗಿ ತುರಿಕೆ ಹತ್ತಿದ ಕುದುರೆಗೆ ತವರಿನ ದಾರಿಯೂ ಮುಚ್ಚಿಹೋಗಿರುತ್ತದೆ. ನಿಮ್ಮ ಕುದುರೆಗೆ ಹಿಂದಿನ ವರ್ಷಗಳಲ್ಲಿ ಏನೂ ಇರಲಿಲ್ಲ, ಈ ವರ್ಷ ಮೇವು ಬದಲಾಯಿಸಿದ್ದಕ್ಕೇ ಹೀಗಾಯಿತು ಅಂತ ಹುರುಳಿಯನ್ನು ದೂರುವವರಿಗೆ ನಾನು ಇದನ್ನು ಹೇಳುತ್ತೇನೆ. ಅಲರ್ಜಿ ಹುಟ್ಟಲಿಕ್ಕೆ ಕಾಲ ಬೇಕು.

ಬಾಲ ಉಜ್ಜಿದ್ದೆಲ್ಲ ನೊರಜಿನದೇ ಅಂತಲೂ ಅಲ್ಲ. ಹೊಟ್ಟೆಯ ದಾರದ ಹುಳ ಗುದದ ಸುತ್ತ ಮೊಟ್ಟೆಯಿಟ್ಟರೂ ಕುದುರೆ ಬಾಲ ಉಜ್ಜುತ್ತದೆ. ಹೇನು, ಕಜ್ಜಿಯ ಹುಳ ಇದ್ದರೂ ಅಷ್ಟೇ. ಜೂಲು, ಬಾಲದ ಬುಡ, ಹೊಟ್ಟೆಯ ನಡುಗೆರೆ ಮೂರೂ ಕಡೆ ತುರಿಕೆ ಇದ್ದು, ಪ್ರತಿ ವರ್ಷ ಮಳೆಗಾಲದ ಸುತ್ತಮುತ್ತ ಏರಿ ಚಳಿ, ಒಣಹವೆಗೆ ಇಳಿಯುತ್ತಿದ್ದರೆ ಆಗ ಅನುಮಾನ ನೊರಜಿನ ಮೇಲೆ. ಒಮ್ಮೆ ವೈದ್ಯರಿಂದ ನೋಡಿಸಿ ಖಾತ್ರಿ ಮಾಡಿಕೊಳ್ಳಿ.

ಈಗ ಇಂಜೆಕ್ಷನ್ನಿನ ವಿಷಯ. ಕುದುರೆಯ ಗಬ್ಬ ಸುಮಾರು 340 ದಿನ. 320ನೇ ದಿನಕ್ಕೆ ಮುಂಚೆ ಹುಟ್ಟಿದ ಮರಿ ಉಳಿಯುವುದು ಕಷ್ಟ. ದಿನ ತುಂಬುತ್ತಾ ಬಂದ ಕುದುರೆಗೆ ಡೆಕ್ಸಾಮೆಥಾಸೋನನ್ನು ದೊಡ್ಡ ಪ್ರಮಾಣದಲ್ಲಿ ನಾಲ್ಕಾರು ದಿನ ಕೊಟ್ಟರೆ ಹೊತ್ತಿಗೆ ಮುಂಚೆಯೇ ಹೆರಿಗೆ ಆಗಿಬಿಡಬಹುದು. ಅದೂ ಅಲ್ಲದೆ ಸ್ಟೀರಾಯ್ಡಿನಿಂದ ಕೆಲವು ಕುದುರೆಗಳಿಗೆ ಗೊರಸಿನ ಒಳಪದರ ಉರಿದು ಬಾತು, ಕಾಲೂರಲು ಆಗದ ಹಾಗಾಗುತ್ತದೆ. ಹೊಟ್ಟೆಯಲ್ಲಿ ಮರಿ ಹೊತ್ತು ಆ ನೋವಿನ ಕಾಲ ಮೇಲೆ ನಿಂತಿರುವ ಕುದುರೆಯನ್ನು ಒಮ್ಮೆ ಕಂಡವರು ಮತ್ತೆ ಆ ಔಷಧಿಗೆ ಅವಸರ ಮಾಡುವುದಿಲ್ಲ. ಮುಖ ಬಾತು ಉಸಿರು ಕಟ್ಟುವಂಥ ಹೊತ್ತಿನಲ್ಲಿ ಮಾತು ಬೇರೆ. ಆಗ ತಾಯಿ ಉಳಿದರೆ ತಾನೆ ಮರಿ? ವೈದ್ಯರು ಕೊಡುತ್ತಾರೆ, ಕೊಡಲೇಬೇಕು. ಆದರೆ ತುರಿಕೆಗೆಂದು ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಅಲರ್ಜಿಯ ಮಾತ್ರೆಗಳಿಂದ ಕೆಲವು ಕುದುರೆಗಳಿಗೆ ಒಂದಿಷ್ಟು ಹಗುರವಾಗುತ್ತದೆ, ಕೆಲವಕ್ಕೆ ಇಲ್ಲ. ಅದೂ ವೈದ್ಯರ ಲೆಕ್ಕದಲ್ಲೇ ಇರಲಿ.

ಹಾಗಂತ ತುರಿಸಿಕೊಂಡಿರಲಿ, ಈದ ಮೇಲೆ ನೋಡೋಣ ಅನ್ನುವುದೂ ತಪ್ಪು. ಮರಿಯ ತೂಕ ಅರ್ಧಕ್ಕಿಂತ ಹೆಚ್ಚು ಕೂಡುವುದು ಕೊನೆಯ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ತಾಯಿ ರಾತ್ರಿಯಿಡೀ ಕಾಲು ಅಪ್ಪಳಿಸುತ್ತಾ, ಮೇವು ಅರ್ಧಕ್ಕೆ ಬಿಟ್ಟು, ಗೋಡೆಗೆ ಹೊಟ್ಟೆ ತಿಕ್ಕುತ್ತಾ ಕಳೆದರೆ ಇಬ್ಬರೂ ಸೊರಗುತ್ತಾರೆ.

ಉಳಿದದ್ದು ಒಂದೇ ದಾರಿ, ಹುಳ ಕಚ್ಚದ ಹಾಗೆ ಮಾಡುವುದು. ಗಬ್ಬದ ಕುದುರೆಗೆ ಅದೇ ಮೊದಲ ಔಷಧಿ.

ನೊರಜಿನ ಬಲಹೀನತೆ ಅದರ ರೆಕ್ಕೆ. ಎಲೆ ಚೆನ್ನಾಗಿ ಅಲುಗಾಡುವಷ್ಟು ಗಾಳಿ ಇದ್ದರೆ ಸಾಕು, ಅದಕ್ಕೆ ಹಾರಿ ಬಂದು ಕೂರಲು ಆಗುವುದಿಲ್ಲ. ರಾಣಿಯ ಲಾಯಕ್ಕೆ ನಾನು ಮೊದಲು ಬರೆದದ್ದು ಮದ್ದಿನ ಚೀಟಿಯಲ್ಲ, ಒಂದು ಸ್ಟ್ಯಾಂಡ್ ಫ್ಯಾನ್. ಬೆನ್ನು, ಹೊಟ್ಟೆಯ ಮೇಲೆ ಅಡ್ಡಲಾಗಿ ಗಾಳಿ ಬೀಳುವ ಹಾಗೆ, ತಂತಿ ಕುದುರೆಯ ಬಾಯಿಗೆ ಎಟುಕದ ಹಾಗೆ, ಮೇವಿನ ಧೂಳು ಮೂಗಿಗೆ ಹಾರದ ಹಾಗೆ ಇಡಬೇಕು. ಈ ಹುಳದ ಸುಗ್ಗಿ ಸೂರ್ಯ ಮುಳುಗುವ ಹೊತ್ತು ಮತ್ತು ಬೆಳಕು ಹರಿಯುವ ಹೊತ್ತು, ನಡುವೆ ರಾತ್ರಿಯೂ ಓಡಾಟ ಇರುತ್ತದೆ. ಹಾಗಾಗಿ ಸಂಜೆ 5 ಗಂಟೆಗೆ ಕುದುರೆ ಒಳಗೆ, ಫ್ಯಾನು ಶುರು, ಬಿಸಿಲು ಏರಿದ ಮೇಲೆ ಹೊರಗೆ. ಕೆರೆಯಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಸಂಜೆ ಮೇಯಲು ಕಟ್ಟುವ ರೂಢಿಯನ್ನು ಈ ಕುದುರೆಯ ಮಟ್ಟಿಗೆ ಬಿಟ್ಟುಬಿಡಿ.

ಕಿಟಕಿಗೆ ಸೊಳ್ಳೆಪರದೆ ಹೊಡೆದರೆ ಆಯಿತಲ್ಲ ಎಂದು ಕೇಳುತ್ತಾರೆ. ಸೊಳ್ಳೆಪರದೆಯ ಕಣ್ಣಿನಲ್ಲಿ ನೊರಜು ಸಲೀಸಾಗಿ ನುಸುಳುತ್ತದೆ. ಬೇಕಾದದ್ದು ಇನ್ನೂ ಒತ್ತಾದ ನೇಯ್ಗೆ. ವಿದೇಶದಲ್ಲಿ ಇದಕ್ಕೆಂದೇ ತಲೆಯಿಂದ ಬಾಲದವರೆಗೆ ಮುಚ್ಚುವ ಹೊದಿಕೆ ಹೊಲಿದು ಮಾರುತ್ತಾರೆ. ಟಾಂಗಾ ಯಜಮಾನರಿಗೆ ಅದನ್ನು ತರಿಸುವ ಶಕ್ತಿ ಇರಲಿಲ್ಲ. ನಾವು ಮಾತಾಡುವುದನ್ನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಸೊಸೆ ಒಳಗೆ ಹೋಗಿ ಎರಡು ಹಳೇ ವಾಯಿಲ್ ಸೀರೆ ತಂದಳು. "ಇದು ಆಗುತ್ತಾ ಸಾರ್?" ಅಂದಳು. ದೀಪಕ್ಕೆ ಹಿಡಿದು ನೋಡಿದೆ. ಗಾಳಿ ಹೋಗುತ್ತದೆ, ಹುಳ ಹೋಗುವುದಿಲ್ಲ. ಕುತ್ತಿಗೆಯಿಂದ ಬಾಲದ ಬುಡದವರೆಗೆ ಅವಳೇ ಹೊಲಿದಳು. ಹೊಟ್ಟೆಯ ಕೆಳಗೆ ಸುತ್ತಿ ಬರುವ ಅಗಲ ಪಟ್ಟಿಗೆ ಮೂರು ಸಾಲು ಲಾಡಿ ಇಟ್ಟಳು, ಹೊಟ್ಟೆ ಬೆಳೆದ ಹಾಗೆ ಸಡಿಲ ಮಾಡಲಿಕ್ಕೆ. ಆ ಮೂರು ಸಾಲು ಲಾಡಿಯ ಯೋಚನೆ ನನಗೆ ಹೊಳೆದಿರಲಿಲ್ಲ. ಮೊದಲ ಸಂಜೆ ಒಬ್ಬರು ಜೊತೆಗೇ ಇದ್ದು, ಕಾಲಿಗೆ ತೊಡರುತ್ತದೆಯೇ, ಬೆವರುತ್ತದೆಯೇ ಅಂತ ನೋಡಿಕೊಂಡರು. ಹಗಲು ಬಿಸಿಲಿಗೆ ಅದನ್ನು ತೆಗೆಯುತ್ತಿದ್ದರು.

ಹುಳ ಹುಟ್ಟುವ ಜಾಗ ಬಹಳ ಸಲ ನಮ್ಮ ಹಿತ್ತಲಲ್ಲೇ ಇರುತ್ತದೆ. ನೀರಿನ ತೊಟ್ಟಿ ತುಳುಕಿ ಆದ ರಾಡಿ, ಗಂಜಲ ಹರಿಯುವ ಮೋರಿಯ ಅಂಚು, ಲದ್ದಿ ಬೆರೆತ ಹಸಿ ಮಣ್ಣು ಅದಕ್ಕೆ ತೊಟ್ಟಿಲು. ಲದ್ದಿಯನ್ನು ದಿನಾ ತೆಗೆದು ದೂರ ಹಾಕಿ, ತೊಟ್ಟಿಯ ಸುತ್ತ ಜಲ್ಲಿ ಸುರಿದು ನೆಲ ಒಣಗಿಸಿ.

ಕುರಿ ಸಾಕುವವರು ಕೇಳುತ್ತಿದ್ದರೆ ಅವರಿಗೂ ಇದು ಬೇಕಾದ ಮಾತು. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವುದು ಇದೇ ಜಾತಿಯ ಹುಳ. 1959ರಿಂದ 1961ರವರೆಗೆ ಮಧ್ಯಪ್ರಾಚ್ಯದಿಂದ ನಮ್ಮ ದೇಶದವರೆಗೆ 3 ಲಕ್ಷಕ್ಕೂ ಹೆಚ್ಚು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಬಲಿ ತೆಗೆದುಕೊಂಡ ಆಫ್ರಿಕನ್ ಕುದುರೆ ಬೇನೆಯನ್ನು ಹೊತ್ತು ತಂದದ್ದೂ ಇದೇ. ಮಂದೆಯ ಜೊತೆ ಸಾಮಾನು ಹೊರುವ ಕುದುರೆ ಇಟ್ಟುಕೊಂಡಿರುವ ಕುರಿಗಾಹಿಗಳು ಹಸಿ ನೆಲ ಬಿಟ್ಟು ಗಾಳಿಯಾಡುವ ದಿಬ್ಬದ ಮೇಲೆ ಬೀಡು ಬಿಟ್ಟರೆ ಕುರಿಗೂ ಒಳ್ಳೆಯದು, ಕುದುರೆಗೂ ಒಳ್ಳೆಯದು.

ಇನ್ನು ಮೈಗೆ ಹಚ್ಚುವುದು. ಇಲ್ಲಿ ಒಂದು ಮಾತನ್ನು ದಯವಿಟ್ಟು ಗಮನ ಕೊಟ್ಟು ಕೇಳಿ. ದನಗಳ ಉಣ್ಣಿಗೆ ನೀರಿನಲ್ಲಿ ಕದಡಿ ಹಚ್ಚುವ ಅಮಿಟ್ರಾಜ್ ಅನ್ನುವ ಔಷಧಿ ನಿಮ್ಮ ಕೊಟ್ಟಿಗೆಯಲ್ಲಿ ಇರಬಹುದು. ಅದನ್ನು ಕುದುರೆಗೆ ಎಂದೂ ಹಚ್ಚಬೇಡಿ, ಗಬ್ಬವಿರಲಿ ಇಲ್ಲದಿರಲಿ. ಕುದುರೆಯ ಕರುಳಿನ ಚಲನೆಯೇ ನಿಂತು, ಲದ್ದಿ ಗಟ್ಟಿಯಾಗಿ ಕಟ್ಟಿಕೊಂಡು, ಹೊಟ್ಟೆನೋವಿನಲ್ಲಿ ಸತ್ತುಹೋಗಬಹುದು. ಡಬ್ಬಿಯ ಮೇಲಿನ ಹೆಸರು ಓದಲು ಬಾರದಿದ್ದರೆ ಓದು ಬಲ್ಲ ಮಕ್ಕಳಿಂದ ಓದಿಸಿ. ಸೀಮೆಎಣ್ಣೆ, ಗಾಡಿಯಿಂದ ತೆಗೆದ ಕಪ್ಪು ಆಯಿಲ್ ಕೂಡ ಬೇಡ, ಚರ್ಮ ಸುಡುತ್ತದೆ. ಬೇವಿನ ಸೊಪ್ಪಿನ ಹೊಗೆಯನ್ನು ಮುಚ್ಚಿದ ಲಾಯದಲ್ಲಿ ಹಾಕಬೇಡಿ, ಕುದುರೆಯ ಶ್ವಾಸಕೋಶ ಬಹಳ ನಾಜೂಕು. ಪರ್ಮೆಥ್ರಿನ್ ಜಾತಿಯ ಔಷಧಿಗಳನ್ನು ಕುದುರೆಗಳಿಗೆ ಬಳಸುವುದುಂಟು. ಗಬ್ಬದ ಕುದುರೆಗೆ ಯಾವುದು, ಎಷ್ಟು ಅನ್ನುವುದನ್ನು ವೈದ್ಯರಿಂದ ಕೇಳಿಯೇ ಹಚ್ಚಿ. ಹೊಟ್ಟೆಯ ನಡುಗೆರೆಗೆ ವ್ಯಾಸಲೀನ್ ದಪ್ಪಗೆ ಬಳಿದರೆ ಹುಳಕ್ಕೆ ಕೂತು ಕೊಯ್ಯಲು ಆಗುವುದಿಲ್ಲ, ಬಡವರಿಗೂ ಎಟುಕುವ ಉಪಾಯ ಇದು. ಆದರೆ ಏನೇ ಹಚ್ಚಿದರೂ ಕೆಚ್ಚಲಿಗೆ, ತೊಡೆಯ ಸಂದಿಗೆ ತಾಗದಿರಲಿ. ಹುಟ್ಟಿದ ಮರಿ ಕಣ್ಣು ಬಿಟ್ಟು ಮೊದಲು ಬಾಯಿ ಹಾಕಿ ಹುಡುಕುವುದು ಅಲ್ಲೇ.

ತುರಿಸಿ ತುರಿಸಿ ಆದ ಗಾಯವನ್ನು ತಣ್ಣೀರಿನಿಂದ ತೊಳೆದು ಒಣಗಿಸಬೇಕು. ಆ ಗಾಯದಿಂದಲೇ ಧನುರ್ವಾಯು ಒಳಗೆ ಹೋಗುತ್ತದೆ, ಕುದುರೆಯಷ್ಟು ಸುಲಭವಾಗಿ ಅದಕ್ಕೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಈಯುವ ನಾಲ್ಕರಿಂದ ಆರು ವಾರ ಮುಂಚೆ ಧನುರ್ವಾಯುವಿನ ಬೂಸ್ಟರ್ ಲಸಿಕೆ ಹಾಕಿಸಿದರೆ ತಾಯಿಯ ಜೊತೆ ಮರಿಗೂ ರಕ್ಷೆ. ಕುದುರೆಯ ಮಾಸಿನ ಗೋಡೆ ದಪ್ಪ, ತಾಯಿಯ ರಕ್ತದ ರೋಗನಿರೋಧಕ ಶಕ್ತಿ ಹೊಟ್ಟೆಯೊಳಗೆ ಮರಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣುಹಾಲಿನಲ್ಲೇ, ಅದೂ ಮೊದಲ ಕೆಲವು ಗಂಟೆಗಳಲ್ಲಿ ಕುಡಿದರೆ. ಒಂದು ದಿನ ಕಳೆಯುವಷ್ಟರಲ್ಲಿ ಮರಿಯ ಕರುಳಿನ ಆ ಬಾಗಿಲು ಮುಚ್ಚಿಹೋಗುತ್ತದೆ.

ರಾಣಿ ಜನವರಿಯ ಕೊನೆಯಲ್ಲಿ, ಬೆಳಗಿನ ಜಾವ ಈದಳು. ಸಂಜೆಯೇ ಬೆಚ್ಚನೆಯ ನೀರಿನಲ್ಲಿ ಕೆಚ್ಚಲು, ಹೊಟ್ಟೆ ಒರೆಸಿ ಒಣಗಿಸಿದ್ದರು. ಮರಿ ಒಂದು ಗಂಟೆಯೊಳಗೆ ಎದ್ದು ನಿಂತಿತು, ಎರಡು ಗಂಟೆಯೊಳಗೆ ಹಾಲಿಗೆ ಬಾಯಿ ಹಾಕಿತು. ಅದು ಹೆಣ್ಣುಮರಿ. ತಾಯಿಯ ಜೂಲು ಅಷ್ಟು ಹೊತ್ತಿಗೆ ಎರಡು ಬೆರಳು ಬೆಳೆದಿತ್ತು.

ಒಂದು ವಾರ ಕಳೆದು ಯಜಮಾನರು ಫೋನು ಮಾಡಿದರು. ಕುದುರೆ ಈದ ಹತ್ತು ದಿನದೊಳಗೇ ಮತ್ತೆ ಬೆದೆಗೆ ಬರುತ್ತದಲ್ಲ, ಪಕ್ಕದ ಊರಿನಲ್ಲಿ ಒಳ್ಳೇ ಗಂಡು ಕುದುರೆ ಇದೆ, ಕರೆದುಕೊಂಡು ಹೋಗಲೇ ಎಂದು ಕೇಳಿದರು. ಈ ತುರಿಕೆ ವಂಶದಲ್ಲಿ ಇಳಿದು ಬರುವ ಗುಣ. ತಾಯಿಯ ಕಡೆಯಿಂದ ಅದು ಇದ್ದೇ ಇದೆ. ಹಾಗಾಗಿ ಅವರಿಗೆ ಇಷ್ಟು ಹೇಳಿದೆ: "ಇವಳು ಮೊದಲು ಸ್ವಲ್ಪ ಸುಧಾರಿಸಿಕೊಳ್ಳಲಿ, ಈ ಸಲದ ಬೆದೆ ಬಿಡಿ. ಆಮೇಲೆ ಹೋಗುವಾಗ, ದುಡ್ಡು ಮಾತಾಡುವ ಮುಂಚೆ ಆ ಗಂಡಿನ ಜೂಲಿನೊಳಗೆ ಕೈ ಹಾಕಿ ನೋಡಿ ಯಜಮಾನ್ರೇ. ಬಾಲದ ಬುಡಾನೂ ಎತ್ತಿ ನೋಡಿ. ಮಳೆಗಾಲದಲ್ಲಿ ಅದು ಕಂಬಕ್ಕೆ ಉಜ್ಜುತ್ತಾ ಅಂತ ಅದನ್ನ ನೋಡಿಕೊಳ್ಳುವ ಆಳನ್ನ ಕೇಳಿ."

ನಮಸ್ಕಾರ.